ಪೋರ್ಟ್ ದೊಡ್ಡದಾಗುವುದು ಬೇಡ, ನುಣುಪಾಗಲಿ: ಬೈಕ್ ಎಂಜಿನ್ ಹೆಡ್ಡಿನ ಗಾಳಿದಾರಿ ಸರಿಪಡಿಸುವ ಬಗೆ

‘ಹೆಡ್ ಬಿಚ್ಚಿ ಪೋರ್ಟ್ ದೊಡ್ಡದು ಮಾಡಿಕೊಡ್ರಿ ಮಾಮಾ, ಪಿಕಪ್ ಬರಬೇಕು.’ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಳೆಯ ಸ್ಪ್ಲೆಂಡರ್ ಅಥವಾ ಬುಲೆಟ್ ಇಟ್ಟುಕೊಂಡ ಹುಡುಗರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಕಂಪನಿಯಿಂದ ಬಂದ ಹೆಡ್ ಸಾವಿರಗಟ್ಟಲೆ ಎರಕಗಳಲ್ಲಿ ಒಂದು. ಅದರೊಳಗೆ ಎರಕದ ಏಣು ಉಳಿದಿರುತ್ತದೆ, ವಾಲ್ವ್ ಸೀಟು ಕೂರಿಸಿದಲ್ಲಿ ಮೆಟ್ಟಿಲು ನಿಂತಿರುತ್ತದೆ, ಗ್ಯಾಸ್ಕೆಟ್ಟಿನ ರಂಧ್ರಕ್ಕೂ ಪೋರ್ಟಿನ ಬಾಯಿಗೂ ಹೊಂದಾಣಿಕೆ ಇರುವುದಿಲ್ಲ. ಅವನ್ನು ಮನೆಯಲ್ಲೇ ಕೂತು ತಾಳ್ಮೆಯಿಂದ ಸರಿಪಡಿಸಬಹುದು. ಆದರೆ ಆ ಮಾತಿನಲ್ಲಿರುವ ‘ದೊಡ್ಡದು’ ಎಂಬ ಪದವೇ ಎಷ್ಟೋ ಒಳ್ಳೆಯ ಹೆಡ್‌ಗಳನ್ನು ಗುಜರಿಗೆ ಕಳಿಸಿದೆ.

ನವಿಲುತೀರ್ಥದ ಕಾಲುವೆ ನೀರಿಗೆ ಪಾಳಿ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬು ಇದ್ದಷ್ಟೇ ಇದ್ದು ಕಾಲುವೆಯನ್ನು ಮಾತ್ರ ಅಗಲ ಮಾಡಿದರೆ ಹೊಲಕ್ಕೆ ಹೆಚ್ಚು ನೀರು ಬರುವುದಿಲ್ಲ. ಇದ್ದ ನೀರಿನ ಓಟವೂ ಸತ್ತು ಹೂಳು ಕೂರುತ್ತದೆ. ಕಾಲುವೆಯಲ್ಲಿ ಬಿದ್ದ ಕಲ್ಲು ಎತ್ತಿ, ತಿರುವಿನ ಮೂಲೆ ತಿದ್ದಿ, ತೂಬಿನ ಬಾಯಿ ಸ್ವಚ್ಛ ಮಾಡಿದರೆ ಅದೇ ಅಗಲದಲ್ಲಿ ನೀರು ಹಾರಿ ಬರುತ್ತದೆ. ಎಂಜಿನ್ನಿಗೆ ವಾಲ್ವೇ ತೂಬು, ಪೋರ್ಟು ಕಾಲುವೆ.

ಯಾವ ಎಂಜಿನ್ನಿಗೆ ಇದು, ಯಾವುದಕ್ಕೆ ಬೇಡ

ಲೆಕ್ಕ ಮಾಡಿ ನೋಡೋಣ. 97.2 ಸಿಸಿಯ ಸ್ಪ್ಲೆಂಡರ್ ಎಂಜಿನ್ 8,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 4,000 ಸಲ ಉಸಿರೆಳೆಯುತ್ತದೆ. ಪ್ರತಿ ಸಲ ಪೂರ್ತಿ ತುಂಬಿದರೆ ನಿಮಿಷಕ್ಕೆ ಸುಮಾರು 389 ಲೀಟರ್ ಗಾಳಿ. ಪಿಸ್ಟನ್ ಮೇಲಿಂದ ಕೆಳಗೆ ಒಂದು ಸಲ ಇಳಿಯಲು ಸಿಗುವ ಸಮಯ 3.75 ಮಿಲಿಸೆಕೆಂಡ್ ಮಾತ್ರ.

ಈಗ ಬಾವಿಯ ದಂಡೆಯಲ್ಲಿ ಡುಗುಡುಗು ಎನ್ನುವ ಕಿರ್ಲೋಸ್ಕರ್ ಎವಿ1 ಪಂಪ್‌ಸೆಟ್ ತೆಗೆದುಕೊಳ್ಳಿ. ಅದು 553 ಸಿಸಿ, 5 ಎಚ್‌ಪಿ, 1,500 ಆರ್‌ಪಿಎಂ. ಅದೂ ನಿಮಿಷಕ್ಕೆ ಸುಮಾರು 415 ಲೀಟರ್ ಗಾಳಿಯನ್ನೇ ಎಳೆಯುತ್ತದೆ. ಆದರೆ ಒಂದೊಂದು ಎಳೆತಕ್ಕೆ ಅದಕ್ಕೆ 20 ಮಿಲಿಸೆಕೆಂಡ್ ಬಿಡುವು ಇದೆ. ಅಂಥ ಎಂಜಿನ್ನಿನಲ್ಲಿ ಪೋರ್ಟು ಅಡ್ಡಿಯೇ ಅಲ್ಲ. ಹೆಚ್ಚಿನ ಮಾತೆಂದರೆ, ಸಿಲಿಂಡರಿಗೇ ನೇರವಾಗಿ ಡೀಸೆಲ್ ಸಿಂಪಡಿಸುವ ಎಂಜಿನ್‌ಗಳಲ್ಲಿ ಒಳಪೋರ್ಟನ್ನು ಬೇಕೆಂದೇ ಬಾಗಿಸಿರುತ್ತಾರೆ. ಗಾಳಿ ಸುಳಿಸುಳಿಯಾಗಿ ಇಳಿದರೇನೇ ಡೀಸೆಲ್ ಅದರಲ್ಲಿ ಬೆರೆತು ಉರಿಯುವುದು. ಆ ಬಾಗನ್ನು ‘ಅಡ್ಡಿ’ ಎಂದು ತಿಳಿದು ಉಜ್ಜಿ ತೆಗೆದರೆ ಕಪ್ಪು ಹೊಗೆ ಬರುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಪಂಪ್‌ಸೆಟ್ಟಿಗೂ ಟ್ರ್ಯಾಕ್ಟರಿಗೂ ಈ ಕೆಲಸ ಮಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಕಬ್ಬಿನ ಟ್ರ್ಯಾಲಿ ಹೊತ್ತು ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಓಡಾಡುವ ಟ್ರ್ಯಾಕ್ಟರಿಗೆ ಬೇಕಾದದ್ದು ಸ್ವಚ್ಛ ಏರ್ ಕ್ಲೀನರ್, ಸರಿಯಾದ ನಾಝಲ್, ಸೋರದ ವಾಲ್ವ್. ಇಷ್ಟೇ ಸಾಕು. (ಕಿರ್ಲೋಸ್ಕರ್ ಹೆಸರಿಗೂ ನಮ್ಮ ನೆಲಕ್ಕೂ ನಂಟಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಆಮೇಲೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ.)

ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಇವು ಟು ಸ್ಟ್ರೋಕ್. ಅವುಗಳ ಹೆಡ್ಡಿನಲ್ಲಿ ಪೋರ್ಟೇ ಇಲ್ಲ. ಗಾಳಿದಾರಿ ಇರುವುದು ಬ್ಯಾರಲ್ಲಿನಲ್ಲಿ. ಅಲ್ಲಿ ಅರ್ಧ ಮಿಲಿಮೀಟರ್ ಎತ್ತರ ಬದಲಾದರೂ ಪೋರ್ಟ್ ತೆರೆಯುವ ಹೊತ್ತೇ ಬದಲಾಗುತ್ತದೆ. ಅದು ಬೇರೆಯೇ ವಿದ್ಯೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಇಂಧನದ ಲೆಕ್ಕವನ್ನು ಕಂಪ್ಯೂಟರ್ ಹಾಕುತ್ತದೆ. ಅವನ್ನೂ ಮುಟ್ಟಬೇಡಿ. ಉಳಿದದ್ದು ಕಾರ್ಬೊರೇಟರ್ ಇರುವ, ಎರಡು ವಾಲ್ವಿನ ಹಳೆಯ ಫೋರ್ ಸ್ಟ್ರೋಕ್ ಬೈಕು. ಈ ಲೇಖನ ಅದಕ್ಕಾಗಿ.

ಬಿಚ್ಚುವ ಮೊದಲು

ನಮ್ಮ ನಾಲ್ಕೂ ಊರುಗಳು ಸಮುದ್ರ ಮಟ್ಟದಿಂದ ಸುಮಾರು ಆರೇಳು ನೂರು ಮೀಟರ್ ಎತ್ತರದಲ್ಲಿವೆ. ಇಲ್ಲಿಯ ಗಾಳಿ ಕರಾವಳಿಗಿಂತ ಶೇ 6–7ರಷ್ಟು ತೆಳು. ಮುಂಜಾನೆಯ 25 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಗೆ ಏರಿದರೆ ಇನ್ನೂ ಶೇ 5ರಷ್ಟು ತೆಳುವಾಗುತ್ತದೆ. ಮಧ್ಯಾಹ್ನ ಗಾಡಿ ಮಂಕಾಗುವುದಕ್ಕೆ ಇಷ್ಟೇ ಕಾರಣ ಸಾಕು. ಹೆಡ್ಡಿನ ದೋಷವೇ ಇರಬೇಕೆಂದಿಲ್ಲ.

ಎರಿ ಹೊಲದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಮೊದಲು ತೆಗೆದು ನೋಡಿ. ಬೇಸಿಗೆಯಲ್ಲಿ ಆ ಕರಿಮಣ್ಣಿನ ಧೂಳು ಹಿಟ್ಟಿನಂತೆ ಹಾರುತ್ತದೆ, ಫಿಲ್ಟರಿನ ಕಾಗದದ ಮಡಿಕೆಗಳಲ್ಲಿ ಕಚ್ಚಿ ಕೂರುತ್ತದೆ. ಕಟ್ಟಿದ ಫಿಲ್ಟರ್ ಹಾಕಿಕೊಂಡು ಪೋರ್ಟ್ ತಿದ್ದುವುದು ಮೂಗು ಮುಚ್ಚಿಕೊಂಡು ಬಾಯಿ ತೊಳೆದಂತೆ. ಆಮೇಲೆ ಟ್ಯಾಪೆಟ್ ಅಂತರ, ಕ್ಲಚ್ ಜಾರುವಿಕೆ, ಚೈನ್ ಬಿಗಿತ, ಬ್ರೇಕ್ ಹಿಡಿದುಕೊಂಡಿದೆಯೋ ಎಂಬುದು. ಕೊನೆಗೆ ಕಂಪ್ರೆಷನ್ ಗೇಜ್ ಹಚ್ಚಿ ಅಳೆಯಿರಿ. ಅಂಕಿ ಕಡಿಮೆ ಬಂದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ರಿಂಗು ಹೋದ ಎಂಜಿನ್ನಿಗೆ ಪೋರ್ಟ್ ಕೆಲಸ ದಂಡ.

2019ರ ಆಗಸ್ಟಿನ ಮಲಪ್ರಭಾ ನೆರೆಯಲ್ಲಿ ರಾಮದುರ್ಗದ ಕಡೆ ನೀರಲ್ಲಿ ಮುಳುಗಿದ್ದ ಗಾಡಿ ಕೊಂಡಿದ್ದರೆ ವಾಲ್ವ್ ಸೀಟು, ಗೈಡುಗಳಲ್ಲಿ ತುಕ್ಕಿನ ಗುಳಿ ಇರಬಹುದು. ಅವನ್ನು ಬದಲಿಸದೆ ಮುಂದಿನ ಹೆಜ್ಜೆ ಬೇಡ.

ಒಂದು ಹೆಡ್ ಕೊಯ್ಯಿರಿ

ನಿಮ್ಮದೇ ಮಾದರಿಯ ಸತ್ತ ಹೆಡ್ಡೊಂದನ್ನು ಗುಜರಿ ಅಂಗಡಿಯಿಂದ ತೂಕದ ಬೆಲೆಗೆ ತನ್ನಿ. ಹ್ಯಾಕ್‌ಸಾ ಹಿಡಿದು ಪೋರ್ಟಿನ ನಡುಮಧ್ಯಕ್ಕೆ ಉದ್ದಕ್ಕೆ ಕೊಯ್ಯಿರಿ. ಅಲ್ಯುಮಿನಿಯಂ ಆದ್ದರಿಂದ ಅರ್ಧ ದಿನದ ಕೆಲಸ. ಒಳಗೆ ಲೋಹ ಎಲ್ಲಿ ದಪ್ಪ ಇದೆ, ಆಯಿಲ್ ದಾರಿ ಎಲ್ಲಿ ಹಾದಿದೆ, ವಾಲ್ವ್ ಸ್ಪ್ರಿಂಗ್ ಕೂರುವ ಜಾಗಕ್ಕೂ ಪೋರ್ಟಿನ ಚಾವಣಿಗೂ ನಡುವೆ ಎಷ್ಟು ಗೋಡೆ ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಕಡೆ ಅದು ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಈ ಒಂದು ಕೊಯ್ತ ಕಲಿಸುವಷ್ಟನ್ನು ಹತ್ತು ವಿಡಿಯೊ ಕಲಿಸುವುದಿಲ್ಲ. ನನ್ನ ಮೊದಲ ಹೆಡ್ ಹಾಳಾದದ್ದು ಈ ಹೆಜ್ಜೆ ಬಿಟ್ಟದ್ದರಿಂದಲೇ. ತಿರುವಿನ ನೆಲ ಉಜ್ಜುತ್ತ ಹೋದೆ, ಬೆಳಕು ಆಚೆಯಿಂದ ಕಂಡಾಗಲೇ ಗೊತ್ತಾದದ್ದು. ಕೊಯ್ದ ಹೆಡ್ಡಿನ ಇನ್ನೊಂದು ಹೋಳಿನ ಮೇಲೆ ಕೈ ಪಳಗಿಸಿಕೊಳ್ಳಿ.

ಬೇಕಾದ ಸಾಮಾನು

ವೇಗ ಬದಲಿಸಲು ಬರುವ ಕರೆಂಟಿನ ಡೈ ಗ್ರೈಂಡರ್, ಉದ್ದ ಕಾಂಡದ ಕಾರ್ಬೈಡ್ ಬರ್ (ಅಲ್ಯುಮಿನಿಯಮ್ಮಿಗೆ ಅಗಲ ಹಲ್ಲಿನದು, ಕಬ್ಬಿಣಕ್ಕೆ ಒತ್ತು ಹಲ್ಲಿನದು), 80 ಮತ್ತು 120 ನಂಬರಿನ ಎಮರಿ ಕಾಗದದ ರೋಲು, ಡಿಜಿಟಲ್ ವರ್ನಿಯರ್, ಸ್ಪ್ರಿಂಗ್ ಒತ್ತುವ ಕ್ಲಾಂಪು, ವಾಲ್ವ್ ಉಜ್ಜುವ ಪೇಸ್ಟು, ಗುರುತು ಹಾಕುವ ನೀಲಿ ಬಣ್ಣ, ಮೊನಚು ಸೂಜಿ, ಟಾರ್ಕ್ ಪಾನಾ, ಸಿರಿಂಜು. ಸಾಮಾನ್ಯ ಡ್ರಿಲ್ ಮಷಿನ್ನಿಗೆ ಬರ್ ಸಿಗಿಸಿದರೆ ವೇಗ ಸಾಲದೆ ಅದು ಕಚ್ಚಿ ಕುಣಿಯುತ್ತದೆ. ಡ್ರಿಲ್ಲಿಗೆ ಎಮರಿ ರೋಲಷ್ಟೇ ಸಾಕು. ಬರ್ ಮೇಲೆ ಬರೆದ ಗರಿಷ್ಠ ವೇಗ ಮೀರಬೇಡಿ. ಅಲ್ಯುಮಿನಿಯಂ ಹಲ್ಲಿನ ಸಂದಿಗೆ ಕರಗಿ ಅಂಟುತ್ತದೆ, ಆಗಾಗ ಮೇಣದ ಬತ್ತಿಗೆ ಬರ್ ತಾಗಿಸಿ. ಕನ್ನಡಕ ಮತ್ತು ಎನ್95 ಮುಖಗವಸು ಹಾಕದೆ ಸ್ವಿಚ್ ಒತ್ತಬಾರದು. ಆ ಪುಡಿ ಕಣ್ಣಿಗೂ ಪುಪ್ಪುಸಕ್ಕೂ ಒಳ್ಳೆಯದಲ್ಲ, ಪಕ್ಕದಲ್ಲಿ ಆಡುವ ಮಕ್ಕಳಿಗಂತೂ ಅಲ್ಲವೇ ಅಲ್ಲ.

ಕೆಲಸ ಶುರು

ಮ್ಯಾಗ್ನೆಟ್ಟಿನ ಗುರುತು ನೋಡಿ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಕ್ಯಾಮ್ ಸ್ಪ್ರಾಕೆಟ್ ಗುರುತಿನ ಫೋಟೊ ತೆಗೆದುಕೊಂಡು ಹೆಡ್ ಇಳಿಸಿ. ಕ್ಯಾಮ್ ಚೈನ್ ಒಳಗೆ ಬೀಳದಂತೆ ತಂತಿ ಕಟ್ಟಿ. ಇಂಗಾಲ ಕೆರೆದು ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ದಾರಿಗಳಿಗೆ ಬಟ್ಟೆ ತುರುಕಿ. ಎರಡೂ ವಾಲ್ವ್ ಗೈಡಿನಲ್ಲಿ ಅಲುಗಾಡುತ್ತವೆಯೋ ನೋಡಿ. ಅಲುಗಾಡಿದರೆ ಮೊದಲು ಗೈಡ್ ಬದಲಿಸಬೇಕು. ಸೀಟಿನ ಕೇಂದ್ರ ನಿರ್ಧಾರವಾಗುವುದು ಗೈಡಿನಿಂದಲೇ.

ಇನ್ನು ಮುಖ್ಯ ಜಾಗ. ವಾಲ್ವ್ ತನ್ನ ವ್ಯಾಸದ ಕಾಲುಭಾಗ ಎತ್ತುವವರೆಗೆ ಅದರ ಅಂಚಿನ ಸುತ್ತಲಿನ ಸಂದಿಯೇ ಗಾಳಿಗೆ ಎಲ್ಲಕ್ಕಿಂತ ಕಿರಿದಾದ ಬಾಗಿಲು. 28 ಮಿ.ಮೀ. ವಾಲ್ವಿಗೆ ಅದು 7 ಮಿ.ಮೀ. ಎತ್ತರ. ಚಿಕ್ಕ ಬೈಕುಗಳ ವಾಲ್ವ್ ಬಹುಪಾಲು ಹೊತ್ತು ಅದಕ್ಕಿಂತ ಕೆಳಗೇ ಇರುತ್ತದೆ. ಆದ್ದರಿಂದ ಸೀಟು ಮತ್ತು ಸೀಟಿನ ಹಿಂದಿನ ಒಂದೂವರೆ ಸೆಂಟಿಮೀಟರ್ ‘ಬಟ್ಟಲು’ ಭಾಗದಲ್ಲೇ ನಮ್ಮ ಲಾಭದ ಹೆಚ್ಚಿನ ಪಾಲು ಅಡಗಿದೆ. ಕಾರ್ಬೊರೇಟರ್ ಕಡೆಯ ಅಗಲ ಬಾಯಿಯನ್ನು ಹೊಳೆಯುವಂತೆ ಉಜ್ಜಿ ಫೋಟೊ ಹಾಕುವವರು ಕೆಲಸ ಮಾಡುತ್ತಿರುವುದು ತಪ್ಪು ತುದಿಯಲ್ಲಿ.

ಬಟ್ಟಲಿನಲ್ಲಿ ಬೆರಳಾಡಿಸಿ. ಉಕ್ಕಿನ ಸೀಟು ಉಂಗುರ ಮುಗಿದು ಅಲ್ಯುಮಿನಿಯಂ ಶುರುವಾಗುವಲ್ಲಿ ಉಗುರಿಗೆ ಮೆಟ್ಟಿಲು ತಗಲುತ್ತದೆ. ಅದನ್ನು ಇಳಿಜಾರಾಗಿ ಬೆರೆಸುವುದೇ ಮೊದಲ ಕೆಲಸ. ಸೀಟು ಗಟ್ಟಿ, ಅಲ್ಯುಮಿನಿಯಂ ಮೆತ್ತಗೆ. ಬರ್ ಉಕ್ಕಿನ ಮೇಲಿಂದ ಜಾರಿ ಮೆತ್ತನೆಯ ಲೋಹಕ್ಕೆ ಹಾರಿ ಗುಳಿ ತೋಡುತ್ತದೆ. ಎರಡೂ ಕೈ ಹಿಡಿತ, ಕಡಿಮೆ ವೇಗ, ಹಗುರ ಒತ್ತು, ಒಂದೇ ಕಡೆ ನಿಲ್ಲದ ಚಲನೆ ಇರಲಿ. ಪೋರ್ಟಿನ ಕಡೆಯಿಂದ ಉಜ್ಜುವಾಗ ಹಳೆಯ ವಾಲ್ವೊಂದನ್ನು ಕೂರಿಸಿಟ್ಟರೆ ಸೀಟಿನ ಮುಖ ಉಳಿಯುತ್ತದೆ. ಸೀಟಿನ ಹಿಂದಿನ ಕಂಠದ ಒಳವ್ಯಾಸ ವಾಲ್ವಿನ ವ್ಯಾಸದ ಶೇ 85ರಿಂದ 88ರೊಳಗೆ ನಿಲ್ಲಲಿ. 28 ಮಿ.ಮೀ. ವಾಲ್ವಿಗೆ 24ರಿಂದ 24.5. ಕಂಪನಿಯದೇ ಅಷ್ಟಿದ್ದರೆ ಅಗಲ ಮಾಡದೆ ಬೆರೆಸಿದರಷ್ಟೇ ಸಾಕು.

ಗೈಡಿನ ಸುತ್ತ ಉಬ್ಬಿ ನಿಂತ ಲೋಹಕ್ಕೆ ದೋಣಿಯ ಮೂತಿಯ ಆಕಾರ ಕೊಡಿ. ಗೈಡನ್ನೇ ಮೊಟಕು ಮಾಡಬೇಡಿ, ವಾಲ್ವಿಗೆ ಆಸರೆ ತಪ್ಪುತ್ತದೆ. ಆಮೇಲೆ ಎರಕದ ಏಣು, ಮರಳಿನ ಒರಟು ಗುಳ್ಳೆಗಳನ್ನು ನಯ ಮಾಡಿ.

ಒಳತಿರುವು, ಎಂದರೆ ಪೋರ್ಟಿನ ನೆಲ ವಾಲ್ವಿನ ಕಡೆ ಹಠಾತ್ತನೆ ಮಡಚಿಕೊಳ್ಳುವ ಚಿಕ್ಕ ಅಂಚು, ಎಲ್ಲಕ್ಕಿಂತ ನಾಜೂಕಾದದ್ದು. ಗಾಳಿ ಆ ಮೂಲೆ ಸುತ್ತುವಾಗ ನೆಲ ಬಿಟ್ಟು ಹಾರುತ್ತದೆ. ಮೂಲೆಯನ್ನು ಇನ್ನಷ್ಟು ತಗ್ಗಿಸಿದರೆ ತಿರುವು ಮತ್ತೂ ಚೂಪಾಗಿ ಹರಿವು ಕೆಡುತ್ತದೆ. ಅಲ್ಲಿ ಬರ್ ಬೇಡವೇ ಬೇಡ, ಬೆರಳಿಗೆ ಸುತ್ತಿದ ಎಮರಿ ಕಾಗದದಿಂದ ಚೂಪು ಅಂಚನ್ನಷ್ಟೇ ದುಂಡಗೆ ಮಾಡಿ ಬಿಡಿ.

ಗ್ಯಾಸ್ಕೆಟ್ ಹೊಂದಾಣಿಕೆಗೆ ಒಂದೇ ಸೂತ್ರ: ಹರಿವಿನ ಎದುರಿಗೆ ಮೆಟ್ಟಿಲು ನಿಲ್ಲಬಾರದು. ಹೆಡ್ಡಿನ ಬಾಯಿಗೆ ನೀಲಿ ಬಳಿದು, ಗ್ಯಾಸ್ಕೆಟ್ ಇಟ್ಟು ಸೂಜಿಯಿಂದ ಗೀರಿ, ಗೀರಿನ ಒಳಗೇ ಉಜ್ಜಿ. ಓ-ರಿಂಗ್ ಕೂರುವ ಕಾಲುವೆಯ ಅಂಚಿಗೆ ಹೋಗಬೇಡಿ, ಅಲ್ಲಿಂದ ಗಾಳಿ ಸೋರಿದರೆ ಎಂಜಿನ್ ಕಾದು ಕೆಡುತ್ತದೆ. ಸೈಲೆನ್ಸರ್ ಕಡೆ ಮಾತ್ರ ಪೈಪು ಪೋರ್ಟಿಗಿಂತ ಅಗಲವಿದ್ದರೆ ಹಾಗೇ ಬಿಡಿ. ಹಿಂದಕ್ಕೆ ನುಗ್ಗುವ ಹೊಗೆಗೆ ಆ ಮೆಟ್ಟಿಲು ತಡೆ.

ಕೊನೆಯ ಮುಟ್ಟು: ಒಳಪೋರ್ಟಿಗೆ 80 ನಂಬರಿನ ಎಮರಿ ಸಾಕು, ಕನ್ನಡಿ ಹೊಳಪು ಬೇಡ. ಕಾರ್ಬೊರೇಟರಿನ ಪೆಟ್ರೋಲ್ ಹನಿಗಳು ಗೋಡೆಗೆ ಅಂಟಿ ಹರಿಯದೆ ಮತ್ತೆ ಗಾಳಿಗೆ ಏಳಲು ಆ ಸಣ್ಣ ಒರಟುತನ ನೆರವಾಗುತ್ತದೆ. ಹೊಗೆ ಹೋಗುವ ಪೋರ್ಟನ್ನು ಬೇಕಾದಷ್ಟು ನಯ ಮಾಡಿ, ಇಂಗಾಲ ಬೇಗ ಅಂಟುವುದಿಲ್ಲ.

ಉರಿಕೋಣೆಯಲ್ಲಿ ಚೂಪು ಮೂಲೆ ಮುರಿಯುವುದಕ್ಕಿಂತ ಹೆಚ್ಚು ಲೋಹ ತೆಗೆಯಬೇಡಿ. 97.2 ಸಿಸಿ ಎಂಜಿನ್ನಿನ ಕಂಪ್ರೆಷನ್ 9:1 ಎಂದಿಟ್ಟುಕೊಂಡರೆ ಮೇಲುಳಿಯುವ ಜಾಗ 12.15 ಸಿಸಿ. ಅದಕ್ಕೆ ಒಂದೇ ಒಂದು ಸಿಸಿ ಸೇರಿದರೂ ಅನುಪಾತ 8.4ಕ್ಕೆ ಇಳಿಯುತ್ತದೆ. ಪೋರ್ಟಿನಲ್ಲಿ ಗಳಿಸಿದ್ದು ಅಲ್ಲೇ ಹೋಯಿತು. ಪ್ಲಗ್ ಬಿಗಿದು, ವಾಲ್ವ್ ಕೂರಿಸಿ, ಮೇಲೆ ಗಾಜಿನಂಥ ಪ್ಲಾಸ್ಟಿಕ್ ಹಲಗೆ ಅಂಟಿಸಿ ಅದರ ಸಣ್ಣ ತೂತಿನಿಂದ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಡಿ. ಕೆಲಸದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೀಗೆ ಅಳೆದರೆ ಎಷ್ಟು ಲೋಹ ಹೋಯಿತೆಂದು ತಿಳಿಯುತ್ತದೆ.

ಸೀಟು ಕಡಿಯುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. 30, 45, 60 ಡಿಗ್ರಿಯ ಮೂರು ಕೋನಗಳಲ್ಲಿ ಕಡಿಯುವ ಯಂತ್ರವಿರುವ ಕಡೆಗೆ ಒಯ್ಯಿರಿ. ಬೆಳಗಾವಿಯ ಉದ್ಯಮಬಾಗದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲೋ ವಿಚಾರಿಸಿ. 45ರ ಪಟ್ಟಿ ಒಳವಾಲ್ವಿಗೆ ಸುಮಾರು 1 ಮಿ.ಮೀ., ಹೊರವಾಲ್ವಿಗೆ 1.2ರಿಂದ 1.5 ಮಿ.ಮೀ. ಅಗಲ ಇರಲಿ. ಹೊರವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಆ ಪಟ್ಟಿಯ ಮೂಲಕವೇ ಹೆಡ್ಡಿಗೆ ದಾಟಿಸುತ್ತದೆ, ತೀರ ಸಣ್ಣದಾದರೆ ವಾಲ್ವ್ ಸುಡುತ್ತದೆ. ಮನೆಗೆ ತಂದ ಮೇಲೆ ನಯ ಪೇಸ್ಟಿನಿಂದ ಹಗುರವಾಗಿ ಉಜ್ಜಿ, ಪೋರ್ಟಿಗೆ ಸೀಮೆಎಣ್ಣೆ ತುಂಬಿ ಐದು ನಿಮಿಷ ಬಿಡಿ. ಉರಿಕೋಣೆಯ ಕಡೆ ತೇವ ಕಂಡರೆ ಮತ್ತೆ ಉಜ್ಜಿ.

ಗೆದ್ದೆವೋ ಸೋತೆವೋ ತಿಳಿಯುವುದು ಹೇಗೆ?

ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಹೆಡ್ಡಿನೊಳಗೆ ಗಾಳಿ ಹರಿಸಿ ಅಳೆಯುವ ಕೆಲಸದಿಂದಲೇ ಹೆಸರಾದವರು. ಜಾಗ್ವಾರ್‌ನ ಎಕ್ಸ್‌ಕೆ ಎಂಜಿನ್ನಿನ ಹೆಡ್ಡಿನ ಹಿಂದೆ ಅವರ ಕೈಯಿದೆ. ಹಾಗೆ ಗಾಳಿ ಅಳೆಯುವ ಬೆಂಚಿನ ಬಡ ತಮ್ಮನನ್ನು ನಾವೂ ಮಾಡಿಕೊಳ್ಳಬಹುದು. ಪ್ಲೈವುಡ್ಡಿನ ಗಾಳಿಬಿಗಿ ಪೆಟ್ಟಿಗೆ ಮಾಡಿ. ಮೇಲೆ ಬೋರಿನ ಅಳತೆಯ ತುಂಡು ಪೈಪು ನಿಲ್ಲಿಸಿ ಅದರ ಮೇಲೆ ಹೆಡ್ ಕೂರಿಸಿ. ಪಕ್ಕಕ್ಕೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ. ಇನ್ನೊಂದು ತೂತಿಗೆ ಬಣ್ಣದ ನೀರು ತುಂಬಿ ಯು ಆಕಾರಕ್ಕೆ ಬಾಗಿಸಿದ ಪಾರದರ್ಶಕ ನಳಿಕೆ. ಪೋರ್ಟಿನ ಬಾಯಿಗೆ ಜೇಡಿಮಣ್ಣಿನಿಂದ ದುಂಡು ಅಂಚು ಮಾಡಿ. ಬೋಲ್ಟಿನಿಂದ ವಾಲ್ವನ್ನು ಒಂದೊಂದೇ ಮಿಲಿಮೀಟರ್ ಒತ್ತುತ್ತ ನೀರಿನ ಎರಡು ಮಟ್ಟಗಳ ಅಂತರ ಬರೆದುಕೊಳ್ಳಿ. ಅದೇ ಎತ್ತರದಲ್ಲಿ ಅಂತರ ಮೊದಲಿಗಿಂತ ಕಡಿಮೆಯಾದರೆ ಗಾಳಿ ಸರಾಗವಾಗಿ ಬರುತ್ತಿದೆ ಎಂದರ್ಥ.

ನಮ್ಮ ಕಡೆ ವೋಲ್ಟೇಜ್ ಗಳಿಗೆಗೊಮ್ಮೆ ಏರಿಳಿಯುವುದರಿಂದ ಕ್ಲೀನರಿನ ಸೆಳೆತವೂ ಬದಲಾಗುತ್ತದೆ. ಅದಕ್ಕೆ ತಗಡಿನಲ್ಲಿ ಒಂದು ನಿಶ್ಚಿತ ತೂತು ಕೊರೆದಿಟ್ಟುಕೊಳ್ಳಿ. ಪ್ರತಿ ಅಳತೆಯ ಮೊದಲು ಹೆಡ್ಡಿನ ಬದಲು ಆ ತಗಡು ಇಟ್ಟು ನೋಡಿ. ನಿನ್ನೆಯ ಅಂಕಿ ಬಂದರೆ ಮಾತ್ರ ಮುಂದುವರಿಯಿರಿ.

ಜೋಡಿಸುವಾಗ

ಹೆಡ್ಡನ್ನು ಸಾಬೂನು ಬೆರೆತ ಬಿಸಿನೀರಿನಲ್ಲಿ, ಗೈಡಿನೊಳಗೆ ಬ್ರಷ್ ಆಡಿಸಿ ಎರಡು ಸಲ ತೊಳೆಯಿರಿ. ಉಜ್ಜುವ ಮೊದಲು ಆಯಿಲ್ ದಾರಿಗಳಿಗೆ ತುರುಕಿದ್ದ ಬಟ್ಟೆ ತೆಗೆದು ಗಾಳಿ ಊದಿ. ಅಲ್ಲಿ ಉಳಿದ ಒಂದು ಚಿಟಿಕೆ ಪುಡಿ ಕ್ಯಾಮನ್ನು ತಿಂದುಹಾಕುತ್ತದೆ. ಗ್ಯಾಸ್ಕೆಟ್ ಮತ್ತು ವಾಲ್ವ್ ಸೀಲು ಹೊಸವೇ ಬೇಕು. ನಟ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ, ಕಂಪನಿಯ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಟ್ಯಾಪೆಟ್ಟನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಹೊಂದಿಸಿ.

ಗಾಳಿ ಹೆಚ್ಚಿದರೆ ಪೆಟ್ರೋಲ್ ಕಡಿಮೆ ಬೀಳಬಹುದು. ಸ್ವಲ್ಪ ದೂರ ಓಡಿಸಿ ಪ್ಲಗ್ ತೆಗೆದು ನೋಡಿ. ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ನಂಬರ್ ಏರಿಸಿ, ಮಸಿ ಇದ್ದರೆ ಇಳಿಸಿ. ರೊಟ್ಟಿಯ ಮೇಲೆ ಸುಟ್ಟ ಚುಕ್ಕಿಯ ತಿಳಿಗಂದು ಬಂದರೆ ಸರಿ.

ಪರೀಕ್ಷೆಗೆ ಸವದತ್ತಿಯಿಂದ ಯಲ್ಲಮ್ಮನ ಗುಡ್ಡದ ಏರು ಒಳ್ಳೆಯ ಜಾಗ. ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜನಸಂದಣಿಯ ದಿನಗಳನ್ನು ಬಿಟ್ಟು, ಮುಂಜಾನೆ ಅದೇ ಹೊತ್ತು, ಅದೇ ಸವಾರ, ಅದೇ ಗೇರು, ಏರು ಶುರುವಾಗುವಾಗ ಅದೇ ವೇಗ. ಹೆಡ್ ಬಿಚ್ಚುವ ಮೊದಲೇ ಮೂರು ಸಲ ಹತ್ತಿ ತುದಿಯಲ್ಲಿ ಉಳಿದ ವೇಗ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಆಮೇಲಿನ ಸುಧಾರಣೆ ಬರೀ ಅನಿಸಿಕೆ. ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಟಾಪ್ ಸ್ಪೀಡ್ ನೋಡುವ ಹುಚ್ಚು ದಯವಿಟ್ಟು ಬೇಡ.

ಕಾನೂನಿನ ಮಾತೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಬೋರು, ಸೈಲೆನ್ಸರ್ ಬದಲಿಸುವ ಗೋಜಿಗೆ ಹೋಗಬೇಡಿ. ಕೆಲಸ ಮುಗಿದ ವಾರದಲ್ಲೇ ಹೊಗೆ ತಪಾಸಣೆ ಮಾಡಿಸಿ.

ಕೊಯ್ದಿಟ್ಟ ಗುಜರಿ ಹೆಡ್ಡನ್ನು ಮತ್ತೆ ಗುಜರಿಗೆ ಹಾಕಬೇಡಿ. ತೊಳೆದು, ಅಂಚು ನಯ ಮಾಡಿ, ಹತ್ತಿರದ ಐಟಿಐಗೆ ಒಯ್ದು ಕೊಡಿ. ಪುಸ್ತಕದ ಚಿತ್ರದಲ್ಲಷ್ಟೇ ಪೋರ್ಟ್ ನೋಡಿದ ಹುಡುಗರು ಅದರೊಳಗೆ ಬೆರಳಾಡಿಸಿ ನೋಡಲಿ.